ಜಾಗವಿಲ್ಲ ಎಂದ ಪುಸ್ತಕ

ಮೊನ್ನೆ ಬ್ಯಾಂಕಿನಲ್ಲಿ ಪಾಸ್‌ಬುಕ್ ತೆಗೆಯೋಣವೆಂದು ಕೈಚೀಲಕ್ಕೆ ಕೈ ಹಾಕಿದೆ. ಕೈಗೆ ಸಿಕ್ಕಿದ್ದನ್ನು ನೋಡದೆ ಗಾಜಿನ ಕಿಂಡಿಯೊಳಗೆ ತಳ್ಳಿದೆ. ಆ ಕಡೆ ಕೂತಿದ್ದ ಹುಡುಗಿ ಅದನ್ನು ತಿರುವಿದಳು, ಹಲ್ಲಿನ ಗುರುತು ಬಿದ್ದ ಮೂಲೆಯನ್ನೂ ಟೇಪು ಅಂಟಿಸಿದ ಬೆನ್ನನ್ನೂ ನೋಡಿದಳು, ಮುಖಪುಟದ ಆನೆಯನ್ನು ನನ್ನ ಕಡೆ ತಿರುಗಿಸಿ, "ಮೊಮ್ಮಗೂದಾ ಆಂಟಿ?" ಎಂದಳು. "ಇಲ್ಲಮ್ಮ, ನಂದೇ" ಎಂದೆ. ನನ್ನ ಹಿಂದೆ ಸಾಲಿನಲ್ಲಿದ್ದವರು ಒಂದು ಹೆಜ್ಜೆ ಹಿಂದೆ ಸರಿದು ನಿಂತಂತೆ ಕಂಡಿತು.

ಸುಳ್ಳು ಹೇಳಿದ್ದಲ್ಲ, ಪುಸ್ತಕ ನನ್ನದೇ. ದಪ್ಪ ರಟ್ಟಿನ, ಎಂಜಲು ಬಿದ್ದರೆ ಸೆರಗಿನಲ್ಲಿ ಒರೆಸಿಕೊಳ್ಳಬಹುದಾದ ಪುಟಗಳ ಪುಸ್ತಕ. ಅದರಲ್ಲಿ ಏನಿದೆ ಎಂದು ನನ್ನನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಒಂದು ಮನೆ, ಮನೆಯೊಳಗೆ ಒಂದು ಇಲಿ. ಯಾರೋ ಬಾಗಿಲು ಬಡಿಯುತ್ತಾರೆ.

"ಟಕ್ ಟಕ್ ಟಕ್. ಯಾರದು ಬಾಗಿಲಲ್ಲಿ? ನಾನು ಹಸು, ಒಳಗೆ ಬರಲೇ? ಇಲ್ಲ ಇಲ್ಲ, ಜಾಗವಿಲ್ಲ. ಹೋಗು."

ಪುಟ ತಿರುಗಿಸಿದರೆ ನಾಯಿ. ಮತ್ತೆ ಟಕ್ ಟಕ್ ಟಕ್, ಮತ್ತೆ ಯಾರದು, ಮತ್ತೆ ಜಾಗವಿಲ್ಲ. ಆಮೇಲೆ ಕುರಿ, ಕುದುರೆ, ಒಂಟೆ, ಆನೆ. ಎಲ್ಲರಿಗೂ ಇಲಿಯದು ಒಂದೇ ಉತ್ತರ. ಕೊನೆಗೆ ಇರುವೆ ಬರುತ್ತದೆ. "ಬಾ ಬಾ, ನಿನಗೆ ಜಾಗವಿದೆ" ಎಂದು ಇಲಿ ಬಾಗಿಲು ತೆರೆಯುತ್ತದೆ. ಅಷ್ಟೇ ಕಥೆ. ಒಲೆಯ ಮೇಲಿಟ್ಟ ಹಾಲು ಉಕ್ಕುವುದರೊಳಗೆ ಓದಿ ಮುಗಿಸಬಹುದು. ಜೂನ್‌ನಲ್ಲಿ ಓದಲು ಶುರು ಮಾಡಿದ ನಾನು ದೀಪಾವಳಿ ಹತ್ತಿರ ಬಂದರೂ ಅದನ್ನೇ ಓದುತ್ತಿದ್ದೆ.

ಇದಕ್ಕೆಲ್ಲ ಕಾರಣ ನನ್ನ ನಾದಿನಿ ಸುಮಂಗಲ. ಹರಿಹರದಲ್ಲಿ ತನ್ನ ಮನೆಯ ಮುಂದಿನ ಹಾಲ್‌ನಲ್ಲಿ ಅವಳೊಂದು ಶಿಶುವಿಹಾರ ನಡೆಸುತ್ತಾಳೆ. ನಾನು ದಾವಣಗೆರೆಯ ಹೈಸ್ಕೂಲೊಂದರಲ್ಲಿ ಜೀವಮಾನವೆಲ್ಲ ಗಣಿತ ಕಲಿಸಿ ನಿವೃತ್ತಳಾದವಳು. ನಿವೃತ್ತಿಯಾದ ಮೇಲೆ ವಿದ್ಯಾನಗರದ ಮನೆಯಲ್ಲಿ ಕೂತು, ಸೌತೆಕಾಯಿ ಹೆಚ್ಚುವ ನಮ್ಮ ಯಜಮಾನರಿಗೆ ಹೋಳುಗಳ ಕೋನ ಸರಿಯಿಲ್ಲ ಎಂದು ತೋರಿಸುತ್ತಿದ್ದೆ. ಆ ಸುದ್ದಿ ಫೋನಿನಲ್ಲಿ ಹರಿಹರ ಮುಟ್ಟಿರಬೇಕು.

"ಅತ್ತಿಗೆ, ಅಲ್ಲಿ ಕುಂತು ನಮ್ಮಣ್ಣನ ತಲಿ ತಿನ್ನೋ ಬದ್ಲು ಇಲ್ಲಿಗೆ ಬರ್ರಿ. ಮಕ್ಕಳಿಗೆ ಒಂದು ಕಥೆ ಓದಿ ಹೋಗ್ರಿ, ಸಾಕು" ಎಂದಳು.

ಹತ್ತನೇ ಕ್ಲಾಸಿನವರನ್ನು ಹದ್ದುಬಸ್ತಿನಲ್ಲಿಟ್ಟವಳಿಗೆ ಮೂರು-ನಾಲ್ಕು ವರ್ಷದವು ಯಾವ ಲೆಕ್ಕ ಎಂದುಕೊಂಡು ಹರಿಹರದ ಬಸ್ಸು ಹತ್ತಿದೆ. ಮಕ್ಕಳು ನನ್ನ ನರೆಗೂದಲನ್ನೂ ಕನ್ನಡಕವನ್ನೂ ನೋಡಿ, ಸ್ವಲ್ಪ ಹೊತ್ತು ತಮ್ಮತಮ್ಮಲ್ಲೇ ವಿಚಾರ ಮಾಡಿ, ನನಗೆ 'ಅಜ್ಜಿ ಮಿಸ್' ಎಂದು ಹೆಸರಿಟ್ಟವು. ಮನೆಯಲ್ಲಿ ಕೂದಲಿಗೆ ಬಣ್ಣ ಹಚ್ಚುವ ಮಾತು ಆವತ್ತು ರಾತ್ರಿಯೇ ಎದ್ದಿತು, ಯಜಮಾನರು ನಕ್ಕದ್ದರಿಂದ ಅಲ್ಲಿಗೇ ಬಿತ್ತು.

ಮೊದಲ ದಿನ ನಾನು ಆ ಪುಸ್ತಕ ಓದಿದ್ದು ಪರೀಕ್ಷೆಯ ಕೋಣೆಯಲ್ಲಿ ಸೂಚನೆಗಳನ್ನು ಓದುವ ಧಾಟಿಯಲ್ಲಿ. ಜಮಖಾನದ ಮೇಲೆ ಕೂತ ಮಕ್ಕಳು ಮಿಸುಕಲಿಲ್ಲ. ನನಗೋ ಒಳಗೊಳಗೇ ಹೆಮ್ಮೆ. ಮುಗಿಸಿದ ಮೇಲೆ, "ಏನು ತಿಳೀತು? ಆನೆ ದೊಡ್ಡದು, ಇರುವೆ ಸಣ್ಣದು" ಎಂದು ಸಾರಾಂಶವನ್ನೂ ನಾನೇ ಹೇಳಿಕೊಟ್ಟೆ. ಮುಂದಿನ ಸಾಲಿನಲ್ಲಿ ಗೌರಿ ಎಂಬ ಎರಡು ಜುಟ್ಟಿನ ಹುಡುಗಿ ಮುಖ ಗಂಟಿಕ್ಕಿಕೊಂಡು ಕೂತಿದ್ದಳು.

"ನೀರು ಕೊಡ್ಲಿಲ್ಲಾ?" ಎಂದಳು.

"ಯಾರಿಗೆ?"

"ಹಸೂಗೆ."

"ಪುಸ್ತಕದಲ್ಲಿ ಹಾಗಿಲ್ಲ ಪುಟ್ಟಿ."

"ಮನಿ ಬಾಗ್ಲಿಗೆ ಬಂದೋರಿಗೆ ಹೋಗು ಅಂತಾರಾ? ನಮ್ಮಜ್ಜಿ ಆಗಿದ್ರೆ ಬೈತಿದ್ಲು."

ಪಕ್ಕದಲ್ಲಿದ್ದ ಇರ್ಫಾನ್ ತೀರ್ಪು ಕೊಟ್ಟ. "ಇಲಿಗೆ ಬುದ್ಧಿ ಇಲ್ಲ."

ನೀವು ನಮ್ಮ ಕಡೆಯವರಾದರೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿ ಕರೆಂಟಿನ ಮೀಟರ್ ಓದಲು ಬಂದವರಿಗೂ ಮೊದಲು "ಬರ್ರಿ, ಕೂಡ್ರಿ" ಅನ್ನಬೇಕು, ಆಮೇಲೆ ನೀರು, ಮಾತು ಆಮೇಲಿನದು. ಒಮ್ಮೆ ವಿಳಾಸ ತಪ್ಪಿ ಬಂದ ಕೊರಿಯರ್ ಹುಡುಗನಿಗೆ ನಮ್ಮ ಯಜಮಾನರು ನೀರು ಕೊಟ್ಟು, ಮಂಡಕ್ಕಿ ಕೊಟ್ಟು, ಚಹಾ ಮಾಡಿಸಿ, ಅವನಿಗೆ ಹೆಣ್ಣು ನೋಡುತ್ತಿರುವ ವಿಚಾರವನ್ನೆಲ್ಲ ಕೇಳಿ ತಿಳಿದುಕೊಂಡ ಮೇಲಷ್ಟೇ ಪಾರ್ಸೆಲ್ಲು ನಮ್ಮದಲ್ಲವೆಂದು ಗೊತ್ತಾದದ್ದು. ಅಂಥ ಮನೆಗಳಲ್ಲಿ ಬೆಳೆಯುವ ಮಕ್ಕಳು ಅವು. ಬಾಗಿಲಿಗೆ ಬಂದ ಹಸುವನ್ನು ಒಂದು ಗುಟುಕು ನೀರೂ ಕೇಳದೆ ಸಾಗಹಾಕುವ ಇಲಿಯನ್ನು ಅವು ಹೇಗೆ ಒಪ್ಪಿಯಾವು? ಪುಸ್ತಕ ಬರೆದವರು ಯಾವ ಊರಿನವರೋ ಪಾಪ, ಅವರ ಊರಲ್ಲಿ ಬಾಗಿಲು ಮುಚ್ಚಿಯೇ ಇರುತ್ತದೋ ಏನೋ.

ಮರುದಿನದಿಂದ ತಿದ್ದುಪಡಿ ಶುರುವಾಯಿತು. ಹಸು ಬಾಗಿಲು ಬಡಿದ ಕೂಡಲೇ ಗೌರಿ ಎದ್ದು ಇಲ್ಲದ ಚೊಂಬಿನಲ್ಲಿ ನೀರು ತರುತ್ತಿದ್ದಳು. ಇನ್ನೊಬ್ಬ ಇಲ್ಲದ ತಟ್ಟೆಯಲ್ಲಿ ಮಂಡಕ್ಕಿ ಇಡುತ್ತಿದ್ದ. ಕುರಿಗೆ ಖಾರ ಬೇಡ. ಒಂಟೆಗೆ ನೀರು ಬೇಡ, ಯಾಕೆಂದರೆ "ಅದ್ರ ಹತ್ರನೇ ಐತೆ" ಎಂದು ಇರ್ಫಾನ್ ಎಲ್ಲಿಂದಲೋ ತಿಳಿದುಕೊಂಡು ಬಂದಿದ್ದ. ಆನೆಗೆ ಎಷ್ಟು ಮಂಡಕ್ಕಿ ಎಂಬುದರ ಮೇಲೆ ದೊಡ್ಡ ಚರ್ಚೆಯಾಗಿ, ಕೊನೆಗೆ ಒಂದು ಚೀಲ ಎಂದು ತೀರ್ಮಾನವಾಯಿತು. ತಿಂದು ಮುಗಿಸಿದ ಪ್ರಾಣಿ "ಹೋಗಿ ಬರ್ತೀನಿ" ಅನ್ನಬೇಕು. ಅದು ಅನ್ನದೆ ಪುಟ ತಿರುಗಿಸಿದರೆ ನನಗೆ ಬೈಗುಳ.

ನಾನೂ ಸುಲಭಕ್ಕೆ ಬಗ್ಗುವವಳಲ್ಲ. ಅಚ್ಚಾದದ್ದು ಅಚ್ಚಾದ ಹಾಗೆ ಇರಬೇಕು ಎಂಬುದು ನನ್ನ ವೃತ್ತಿಯ ಚಾಳಿ. ಕೊನೆಗೆ ಒಂದು ರಾಜಿಯಾಯಿತು. ನೀರು, ಮಂಡಕ್ಕಿ ಎಲ್ಲ ಮನೆಯ ಮುಂದಿನ ಕಟ್ಟೆಯ ಮೇಲೆ. ಒಳಗೆ ಮಾತ್ರ ಜಾಗವಿಲ್ಲ. ಯಾಕೆಂದರೆ ಆನೆ ಒಳಗೆ ಬಂದುಬಿಟ್ಟರೆ ಇರುವೆಯ ಗತಿ ಏನು, ಕಥೆಯ ನೀತಿ ಏನು? ಮಕ್ಕಳು ಅರೆಮನಸ್ಸಿನಿಂದ ಒಪ್ಪಿದವು.

ಆದರೆ ನನ್ನ ತಲೆ ಕೊರೆಯುತ್ತಿದ್ದದ್ದು ಬೇರೆಯೇ ವಿಚಾರ. ದಿನವೂ ಪುಸ್ತಕ ಮುಚ್ಚಿದ ಕ್ಷಣ ಹತ್ತಾರು ಬಾಯಿಗಳಿಂದ ಒಂದೇ ಮಾತು ಬರುತ್ತಿತ್ತು. "ಮತ್ತೆ." ನಾನು ಪಾಠ ಮಾಡಿದ ಇಷ್ಟು ವರ್ಷಗಳಲ್ಲಿ ಒಬ್ಬನೇ ಒಬ್ಬ ವಿದ್ಯಾರ್ಥಿ 'ಮಿಸ್, ಆ ಪ್ರಮೇಯ ಇನ್ನೊಂದ್ಸಲ' ಎಂದು ಆಸೆಯಿಂದ ಕೇಳಿದ್ದಿಲ್ಲ. ಈ ಮಕ್ಕಳಿಗೆ ಮುಂದೇನಾಗುತ್ತದೆ ಎಂದು ಗೊತ್ತಿದೆ. ಕುದುರೆಯ ಹಿಂದೆ ಒಂಟೆ ಬರುತ್ತದೆ ಎಂದು ನನಗಿಂತ ಮೊದಲೇ ಹೇಳುತ್ತವೆ. ಆದರೂ ಒಂಟೆ ಬಂದಾಗ, ಎಷ್ಟೋ ವರ್ಷದಿಂದ ಕಾಣದಿದ್ದ ನೆಂಟ ಬಂದಂತೆ ಕುಣಿಯುತ್ತವೆ. ಗೊತ್ತಿರುವುದೇ ಮತ್ತೆ ಬಂದರೆ ಇಷ್ಟು ಸಂತೋಷ ಯಾಕೆ? ಬಸ್ಸಿನಲ್ಲಿ ವಾಪಸು ಬರುವಾಗ ಇದನ್ನೇ ಯೋಚಿಸುತ್ತ ಎರಡು ಸಲ ನನ್ನ ಸ್ಟಾಪು ದಾಟಿಹೋದೆ. ಯಜಮಾನರನ್ನು ಕೇಳಿದರೆ, "ನೀನು ದಿನಾ ಅದೇ ಸೌತೆಕಾಯಿ ವಿಚಾರ ಎತ್ತಲ್ವಾ, ಹಾಗೇ" ಎಂದರು. ಅದರಲ್ಲಿ ಸಂತೋಷ ಯಾರಿಗೆ ಎಂದು ನಾನು ಕೇಳಲಿಲ್ಲ.

ಯೋಚಿಸುತ್ತ ಹೋದರೆ ನನ್ನ ಮೊದಲ ಚಿತ್ರಪುಸ್ತಕವೇ ನೆನಪಾಯಿತು. ಪುಸ್ತಕ ಎಂದರೆ ಪುಸ್ತಕವಲ್ಲ, ಗೋಡೆಗೆ ನೇತುಹಾಕಿದ್ದ ಪಟ. ಅಪ್ಪ ಹರಿಹರದ ಹತ್ತಿರದ ಕೊಂಡಜ್ಜಿಯಲ್ಲಿ ದನದ ಆಸ್ಪತ್ರೆಯ ಕಾಂಪೌಂಡರ್ ಆಗಿದ್ದರು. ಶಾಲೆಗೆ ಸೇರುವ ಮೊದಲು ನಾನು ಅವರ ಜೊತೆ ಅಲ್ಲೇ ಕೂತು ದಿನ ಕಳೆಯುತ್ತಿದ್ದೆ. ಡೆಟಾಲಿನ ವಾಸನೆ, ಹಿಂಡಿಯ ವಾಸನೆ, ಕಟ್ಟುಗೂಟಕ್ಕೆ ಕೊಂಬು ಉಜ್ಜುವ ಸದ್ದು. ಗೋಡೆಯ ಮೇಲೆ ಬಣ್ಣದ ಪಟದಲ್ಲಿ ಹಸುಗಳ ಸಾಲು. ಬೇರೆ ಮಕ್ಕಳ ಪಟದಲ್ಲಿ ಹಸು ಹುಲ್ಲು ಮೇಯುತ್ತಿದ್ದರೆ, ನನ್ನ ಪಟದಲ್ಲಿ ಒಂದಕ್ಕೆ ಕಾಲುಬಾಯಿ ಜ್ವರ, ಒಂದಕ್ಕೆ ಗಂಟಲು ಬೇನೆ, ಒಂದಕ್ಕೆ ಕೆಚ್ಚಲು ಬಾವು. ಎಲ್ಲವೂ ದೊಡ್ಡ ಕಣ್ಣು ಬಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದವು.

ನಾನು ದಿನವೂ ಒಂದೊಂದಕ್ಕೂ ಬೆರಳಿಟ್ಟು ಕೇಳುತ್ತಿದ್ದೆ. "ಅಪ್ಪಾಜಿ, ಇದಕ್ಕೇನಾಗೈತೆ?"

"ಕಾಲುಬಾಯಿ."

"ವಾಸಿ ಆಗ್ತತಾ?"

"ಆಗ್ತತೆ."

ಮುಂದಿನ ಹಸು. ಮತ್ತೆ ಅದೇ ಪ್ರಶ್ನೆ, ಅದೇ ಉತ್ತರ. ಅಪ್ಪ ಔಷಧಿ ಅಳೆಯುತ್ತ ತಲೆ ಎತ್ತದೆಯೇ "ಆಗ್ತತೆ, ಆಗ್ತತೆ" ಎನ್ನುತ್ತಿದ್ದರು. ಒಂದು ದಿನ ಆಸ್ಪತ್ರೆಯ ಮುಂದೆ ಎತ್ತುಗಳ ಸಂತೆಯೇ ನೆರೆದಿತ್ತು. ಬೇಸತ್ತಿದ್ದ ಅಪ್ಪ ಕೆಚ್ಚಲು ಬಾವಿನ ಹಸುವಿನ ಹತ್ತಿರ ನಾನು ಬಂದಾಗ, "ಅದು ಸತ್ತೋತು, ಸುಮ್ನಿರು" ಎಂದುಬಿಟ್ಟರು. ನಾನು ಅತ್ತದ್ದು ನೋಡಿ, ಎತ್ತು ಹಿಡಿದುಕೊಂಡು ಬಂದವರೆಲ್ಲ ನನಗೇ ಏನೋ ಕಚ್ಚಿತೆಂದು ಓಡಿಬಂದರು. ಸಂಜೆ ಅಪ್ಪ ನನ್ನನ್ನು ಹೆಗಲ ಮೇಲೆ ಹೊತ್ತು ಪಟದ ಮುಂದೆ ನಿಂತು, ಮೊದಲ ಹಸುವಿನಿಂದ ಕೊನೆಯದರವರೆಗೂ "ವಾಸಿ ಆತು, ಇದೂ ವಾಸಿ ಆತು" ಎಂದು ಹೇಳಬೇಕಾಯಿತು. ಹಾಗಾದರೆ ಆ ವಯಸ್ಸಿನಲ್ಲಿ ನಾನು ಕೇಳುತ್ತಿದ್ದದ್ದು ಹೊಸದನ್ನು ತಿಳಿಯಲಿಕ್ಕಲ್ಲ. ನಿನ್ನೆ ಇದ್ದದ್ದು ಇವತ್ತೂ ಇದ್ದಲ್ಲೇ ಇದೆಯೇ ಎಂದು ಮುಟ್ಟಿ ನೋಡಿಕೊಳ್ಳುವುದು ನನಗೆ ಬೇಕಾಗಿತ್ತು. ಹೀಗೆ ನನ್ನ ಅರ್ಧ ಪ್ರಶ್ನೆಗೆ ಉತ್ತರ ಸಿಕ್ಕಿತು ಎಂದುಕೊಂಡೆ. ಉಳಿದ ಅರ್ಧ ದಸರಾ ರಜೆ ಮುಗಿದ ಮೇಲೆ ಬಂತು.

ಅವಳ ಹೆಸರು ಮನಸ್ವಿ. ನಾಲ್ಕು ತುಂಬಿರಲಿಲ್ಲ. ತಾಯಿ ರೇಣುಕಾ ಹರಿಹರದಿಂದ ಸುತ್ತಲ ಹಳ್ಳಿಗಳಿಗೆ ಹೋಗುವ ಬಸ್ಸಿನ ಕಂಡಕ್ಟರ್. ತಂದೆ ಲಾರಿ ಓಡಿಸುವವನು, ಮನೆಗೆ ಬರುವುದು ಯಾವಾಗಲೋ. ಇಷ್ಟು ದಿನ ಮಗುವನ್ನು ನೋಡಿಕೊಳ್ಳುತ್ತಿದ್ದದ್ದು ರೇಣುಕಾಳ ತಾಯಿ. ಆಕೆ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡು ಲೋಕಿಕೆರೆಯ ಮಗನ ಮನೆಯಲ್ಲಿ ಮಲಗಿದ್ದರು. ರೇಣುಕಾ ಇದ್ದಬದ್ದ ರಜೆಯನ್ನೆಲ್ಲ ಹಾಕಿ ಮಗಳನ್ನು ಶಿಶುವಿಹಾರಕ್ಕೆ ರೂಢಿ ಮಾಡಿಸಲು ಬಂದಿದ್ದಳು. ರಜೆ ಮುಗಿಯುತ್ತ ಬಂದಿತ್ತು.

"ಸೋಮವಾರ ಡ್ಯೂಟಿಗೆ ಹೋಗ್ಲೇಬೇಕು ಮಿಸ್. ಇಕಿ ಇಲ್ಲಿ ನಿಲ್ಲಲಿಲ್ಲ ಅಂದ್ರೆ ಕೆಲಸ ಬಿಡು ಅಂತಾರೆ ನಮ್ಮನ್ಯಾಗೆ" ಎಂದಳು. "ಎಷ್ಟು ಓದಿ, ಎಷ್ಟು ಓಡಾಡಿ ತಗಂಡ ಕೆಲಸ. ಬಿಡಾಕೆ ಮನಸ್ಸಿಲ್ಲ ನನಗೆ."

ಮಗು ಒಳಗೆ ಬಂದರೆ ತಾನೇ ನಿಲ್ಲುವುದು? ಮೊದಲ ದಿನ ಯಾರೋ ಕೊಟ್ಟ ಸಲಹೆಯಂತೆ ರೇಣುಕಾ ಅವಳನ್ನು ಗೊಂಬೆಗಳ ಮುಂದೆ ಕೂರಿಸಿ ಕಣ್ಣು ತಪ್ಪಿಸಿ ಹೊರಟುಬಿಟ್ಟಳು. ತಿರುಗಿ ನೋಡಿದ ಮಗು ಓಡಿದ ಓಟಕ್ಕೆ ನಾವ್ಯಾರೂ ಸಾಟಿಯಿರಲಿಲ್ಲ. ಮುಖ್ಯ ರಸ್ತೆಯ ತಿರುವಿನಲ್ಲಿ ತರಕಾರಿ ಗಾಡಿಯವರು ಹಿಡಿದುಕೊಂಡಿದ್ದರು, ಇಲ್ಲದಿದ್ದರೆ ನೆನೆಸಿಕೊಳ್ಳಲೂ ಭಯ. ಅಂದಿನಿಂದ ಮನಸ್ವಿ ಬ್ಯಾಗು ಬೆನ್ನಿಗೆ, ನೀರಿನ ಬಾಟಲಿ ಕೊರಳಿಗೆ ಹಾಕಿಕೊಂಡು ಹೊಸ್ತಿಲ ಮೇಲೆ ಕೂತವಳು ಏಳಲೇ ಇಲ್ಲ. ಹೊರಗೆ ಕಟ್ಟೆಯ ಮೇಲೆ ಅವಳ ಅಮ್ಮ, ಒಳಗೆ ನಾವು. "ಹೊಸ್ತಿಲ ಮ್ಯಾಲೆ ಕೂಡ್ರಬಾರ್ದವ್ವ" ಎಂದು ಸುಮಂಗಲ ದಿನವೂ ಹೇಳುವಳು. ಮಗು ಅಮ್ಮನ ಕಡೆಯೊಮ್ಮೆ ನಮ್ಮ ಕಡೆಯೊಮ್ಮೆ ನೋಡುವುದೇ ಹೊರತು ಬಾಯಿ ಬಿಡುತ್ತಿರಲಿಲ್ಲ. ಗೌರಿ ಇಲ್ಲದ ಚೊಂಬಿನಲ್ಲಿ ಅವಳಿಗೂ ನೀರು ಕೊಟ್ಟು ನೋಡಿದಳು. ತೆಗೆದುಕೊಳ್ಳಲಿಲ್ಲ.

ಸುಮಂಗಲಳೂ ಆಸೆ ಬಿಟ್ಟಂತಿದ್ದಳು. ಒಂದು ದಿನ ನಾನು ಯಥಾಪ್ರಕಾರ ಓದುತ್ತಿದ್ದೆ. ಒಂಟೆ ಮಂಡಕ್ಕಿ ತಿಂದು ಹೋಗಿ ಬರ್ತೀನಿ ಎಂದು ಹೊರಟಿತ್ತು. ಆನೆ ಬಂದು ಬಾಗಿಲು ಬಡಿಯಿತು. "ಇಲ್ಲ ಇಲ್ಲ, ಜಾಗವಿಲ್ಲ" ಎಂದೆ. ಹಿಂದಿನಿಂದ ದೊಡ್ಡ ಗಂಟಲಿನ ಒಂದು ದನಿ ಬಂತು.

"ಒಳಗೆ ನಡೀರಿ, ಒಳಗೆ ನಡೀರಿ. ಹಿಂದೆ ಜಾಗ ಐತೆ."

ಎಲ್ಲರೂ ತಿರುಗಿದೆವು. ಮನಸ್ವಿ ಹೊಸ್ತಿಲ ಮೇಲೆ ಎದ್ದು ನಿಂತಿದ್ದಳು. ಒಂದು ಕೈ ಬಾಗಿಲ ಚೌಕಟ್ಟಿನ ಮೇಲೆ, ಇನ್ನೊಂದು ಕೈಯಲ್ಲಿ ಆನೆಗೆ ದಾರಿ ತೋರಿಸುತ್ತಿದ್ದಾಳೆ. ಅಷ್ಟು ದಿನ ಮೂಕಳಂತಿದ್ದ ಮಗುವಿನ ದನಿ ಅದೇನಾ ಎಂದು ನನಗೆ ನಂಬಲಾಗಲಿಲ್ಲ.

ನನ್ನೊಳಗಿನ ಗಣಿತದ ಮೇಷ್ಟ್ರು ಸುಮ್ಮನಿರಬೇಕಲ್ಲ. "ಆನೆ ಎಲ್ಲಿ ಕೂರುತ್ತೆ ಮರಿ, ಅಷ್ಟು ದೊಡ್ಡದು?" ಎಂದೆ.

ಅವಳು ನನ್ನನ್ನು ನೋಡಲೇ ಇಲ್ಲ. ಮಕ್ಕಳ ಕಡೆ ಕೈ ಬೀಸಿದಳು. "ಸ್ವಲ್ಪ ಸರೀರಿ. ಎಲ್ರೂ ಊರಿಗೆ ಹೋಗಬೇಕಲ್ಲ."

ಮಕ್ಕಳು ಸರಿದರು. ಜಮಖಾನದ ನಡುವೆ ಆನೆಯಷ್ಟಲ್ಲದಿದ್ದರೂ ಸಾಕಷ್ಟು ದೊಡ್ಡ ಜಾಗ ತೆರೆದುಕೊಂಡಿತು. ಯಾರೂ ಅದರಲ್ಲಿ ಕಾಲಿಡಲಿಲ್ಲ, ಆನೆ ಕೂತಿತ್ತಲ್ಲ. ಆಮೇಲೆ ಅನ್ಯಾಯವಾಗಿ ಹೊರಗೆ ಉಳಿದವರ ನೆನಪಾಗಿ ಮೊದಲ ಪುಟದಿಂದ ಮತ್ತೆ ಓದಬೇಕಾಯಿತು. ಹಸು ಬಂದಾಗ ಮನಸ್ವಿ ಅದರ ಮುಂದೆ ಅಂಗೈ ಚಾಚಿ, "ಆಧಾರ್ ತೋರಿಸ್ರಿ" ಎಂದಳು. ಹಸು ಹೆಣ್ಣಲ್ಲವೇ, ಬಸ್ಸು ಅದಕ್ಕೆ ಪುಕ್ಕಟೆ. ಕುದುರೆ ಗಂಡೋ ಹೆಣ್ಣೋ ಎಂದು ನನ್ನನ್ನು ಕೇಳಿದಳು, ನನಗೆ ಗೊತ್ತಿರಲಿಲ್ಲ, ಚಿತ್ರದಲ್ಲೂ ತಿಳಿಯುವಂತಿರಲಿಲ್ಲ. "ಹಂಗಾದ್ರೆ ಟಿಕೆಟ್ ತಗಳ್ರಿ" ಎಂದಳು. ಕೊನೆಗೆ ಬಂದ ಇರುವೆಯನ್ನು ನನ್ನ ಹತ್ತಿರ ಕಳಿಸಿದಳು. "ಸಣ್ಣೋರಿಗೆ ಟಿಕೆಟ್ ಇಲ್ಲ. ತೊಡಿ ಮ್ಯಾಲೆ ಕುಂಡ್ರಿಸ್ಕಳ್ರಿ."

ಹೀಗೆ ಕಥೆಯ ನೀತಿ ನನ್ನ ತೊಡೆಯ ಮೇಲೆ ಬಂದು ಕೂತಿತು. ನಾನು ಅಷ್ಟು ಜೋಪಾನ ಮಾಡಿದ್ದ ಕೊನೆಯ ಸಾಲು ಹೋದದ್ದಕ್ಕೆ ನನಗೆ ಒಂದಿಷ್ಟೂ ಬೇಸರವಾಗಲಿಲ್ಲ, ಅದೇ ಆಶ್ಚರ್ಯ.

ಹೊರಗೆ ಕಟ್ಟೆಯ ಮೇಲೆ ರೇಣುಕಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಕೂತಿದ್ದಳು. ನಗುತ್ತಿದ್ದಾಳೆ ಎಂದುಕೊಂಡು ಹತ್ತಿರ ಹೋದೆ. ಪೂರ್ತಿ ನಗುವಾಗಿರಲಿಲ್ಲ.

"ಒಂದೆರಡು ಸಲ ನೋಡ್ಕಳೋರಿಲ್ದೆ ಬಸ್ನಾಗೆ ನನ್ನ ಸೀಟಿನಾಗೇ ಕುಂಡ್ರಿಸ್ಕಂಡು ಹೋಗಿದ್ದೆ ಮಿಸ್. ಅಷ್ಟರಾಗೇ ಎಲ್ಲ ಕಲ್ತಾಳೆ ನೋಡ್ರಿ."

"ಮನೇಲೂ ಹೀಗೇ ಮಾತಾಡ್ತಾಳಾ?"

"ಮನ್ಯಾಗೆ ನಾನೇ ಮಾತಾಡಲ್ಲ. ದಿನಾ ಕೂಗಿ ಕೂಗಿ ಗಂಟ್ಲು ಬಿದ್ದಿರ್ತತೆ. ಅನ್ನ ಹಾಕಿ ಮಲಗಿಸಿದ್ರೆ ಮುಗೀತು. ನನ್ನ ಮಾತು ಅಂತ ಇಕಿ ಕೇಳಿರೋದು ಇಷ್ಟೇ ಇರಬೇಕು."

ಮೂಕಳೆಂದು ನಾವು ಅಂದುಕೊಂಡಿದ್ದ ಮಗು ಅಮ್ಮನ ಅಷ್ಟೇ ಅಷ್ಟು ಮಾತುಗಳನ್ನು ತಪ್ಪಿಲ್ಲದೆ ಬಾಯಿಪಾಠ ಮಾಡಿಕೊಂಡು, ಅವುಗಳ ಜೊತೆ ಹೊಸ್ತಿಲ ಮೇಲೆ ಕೂತಿತ್ತು. ನನಗೆ ಅಳು ಬಂತು. ಕನ್ನಡಕ ಒರೆಸುವ ನೆಪದಲ್ಲಿ ಒಳಗೆ ಹೋದೆ.

ಅಲ್ಲಿಗೆ ಎಲ್ಲ ಸರಿಹೋಯಿತು ಎಂದು ನೀವು ತಿಳಿದರೆ ಮಕ್ಕಳ ಪರಿಚಯ ನಿಮಗಿಲ್ಲ ಎಂದರ್ಥ. ಮರುದಿನದಿಂದ ಶಿಶುವಿಹಾರ ಬಸ್ಸಾಯಿತು ನಿಜ. ಮಕ್ಕಳು ಸಾಲಾಗಿ ಕೂತರು, ಪುಸ್ತಕ ಹಿಡಿದ ನಾನು ಎಲ್ಲರ ಮುಂದೆ ಡ್ರೈವರ್ ಆದೆ. ಪುಟ ತಿರುಗಿಸುವುದು ನನ್ನ ಕೆಲಸ, ಪ್ರಾಣಿಗಳನ್ನು ಹತ್ತಿಸುವುದು ಮನಸ್ವಿಯ ಕೆಲಸ. ಆದರೆ ಶುಕ್ರವಾರ ರೇಣುಕಾ ಹೂವು ತರಲು ಓಣಿಯ ಮೂಲೆಯವರೆಗೆ ಹೋದದ್ದೇ ತಡ, ಕಂಡಕ್ಟರಮ್ಮ ಕುರಿಯನ್ನು ಅರ್ಧಕ್ಕೆ ಬಿಟ್ಟು ಚೀರುತ್ತ ಓಡಿದಳು. ಆಟ ಬೇರೆ, ಅಮ್ಮ ಬೇರೆ. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಮಗಳನ್ನು ಎತ್ತಿಕೊಂಡು ವಾಪಸು ಬಂದ ರೇಣುಕಾ, "ಇದಾಗೋದಲ್ಲ ಬಿಡ್ರಿ. ಸೋಮವಾರ ಡಿಪೋಕ್ಕೆ ಹೋಗಿ ಹೇಳಿಬಿಡ್ತೀನಿ" ಎಂದಳು.

ಸುಮಂಗಲ ಕೇಳಿದಳು. "ನೀನು ಯೂನಿಫಾರಂ ಎಲ್ಲಿ ಹಾಕ್ಕಂತೀ?"

"ಪಕ್ಕದ ಮನ್ಯಾಗೆ ಇಟ್ಟಿರ್ತೀನಿ. ಖಾಕಿ ಕಂಡ್ರೆ ನಾನು ಹೊಂಟೆ ಅಂತ ಗೊತ್ತಾಗಿ ಅಳ್ತಾಳೆ. ಅದಕ್ಕೇ ಮೊದ್ಲಿಂದಲೂ ಹಿಂಗೆ. ಹಾಲು ತರ್ತೀನಿ ಅಂತ ಹೇಳಿ ಹೊಂಡೋದು."

"ಹಾಲು ತರಾಕೆ ಹೋದೋಳು ಸಂಜೀ ಮಟ ಬರಲ್ಲ. ಹೂವು ತರಾಕೆ ಹೋದ್ರೆ ಅದು ಹೆಂಗೆ ನಂಬ್ತತೆ ಹೇಳು" ಎಂದಳು ಸುಮಂಗಲ. "ಸೋಮವಾರ ಖಾಕಿ ಹಾಕ್ಕಂಡೇ ಕರ್ಕಂಡು ಬಾ. ಡ್ಯೂಟಿಗೆ ಹೋಗ್ತೀನಿ ಅಂತ ಎದುರಿಗೇ ಹೇಳು. ಅತ್ರೆ ಅಳಲಿ. ನಾವದೀವಿ."

ನನಗೆ ಅಷ್ಟು ಧೈರ್ಯವಿರಲಿಲ್ಲ. ನಮ್ಮ ಮನೆಗಳಲ್ಲಿ ಮಕ್ಕಳನ್ನು ಬಿಟ್ಟು ಹೋಗುವ ಪದ್ಧತಿಯೇ ಕಣ್ಣು ತಪ್ಪಿಸುವುದು. ಮಕ್ಕಳ ಅಳು ನೋಡಲಾಗದ್ದು ನಮಗೆ, ಆ ಕಷ್ಟ ತಪ್ಪಿಸಿಕೊಳ್ಳಲು ಹಿತ್ತಲ ಬಾಗಿಲಿಂದ ಹೋಗುವವರೂ ನಾವೇ. ಮಗು ಮಾತ್ರ ಯಾವ ಹೊತ್ತಿನಲ್ಲಿ ಯಾರು ಇಲ್ಲವಾಗುತ್ತಾರೋ ಎಂದು ಬಾಗಿಲು ಕಾಯುತ್ತಿರಬೇಕು. ಶನಿವಾರ, ಭಾನುವಾರ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಯಜಮಾನರು ಸೌತೆಕಾಯಿಯನ್ನು ಹೇಗೆ ಬೇಕೋ ಹಾಗೆ ಹೆಚ್ಚಿಕೊಂಡರು.

ಸೋಮವಾರ ನಾನು ಎಂದಿಗಿಂತ ಮುಂಚಿನ ಬಸ್ಸಿಗೆ ಹೋದೆ. ಮಕ್ಕಳೆಲ್ಲ ಸಾಲಾಗಿ ಕೂತು ಕಾಯುತ್ತಿದ್ದರು. ಅಮ್ಮ ಮಗಳು ಓಣಿಯಲ್ಲಿ ಕೈ ಹಿಡಿದುಕೊಂಡು ಬಂದರು. ರೇಣುಕಾ ಖಾಕಿ ಕೋಟು ಹಾಕಿ, ಕೂದಲು ಬಿಗಿದು ಕಟ್ಟಿ, ಟಿಕೆಟ್ ಮಷೀನಿನ ಚೀಲ ಹೆಗಲಿಗೆ ಹಾಕಿದ್ದಳು. ಇಷ್ಟು ದಿನ ಕಟ್ಟೆಯ ಮೇಲೆ ಕುಗ್ಗಿ ಕೂತಿದ್ದವಳು ಇವಳೇನಾ ಅನ್ನಿಸಿತು. ಮನಸ್ವಿ ದಾರಿಯುದ್ದಕ್ಕೂ ಅಮ್ಮನ ಕೋಟಿನ ಗುಂಡಿಗಳನ್ನೇ ನೋಡುತ್ತ ಬಂದಳು. ಬಂದವಳು ಅಭ್ಯಾಸದಂತೆ ಹೊಸ್ತಿಲ ಮೇಲೆ ತನ್ನ ಜಾಗದಲ್ಲಿ ನಿಂತಳು. ನಾನು ಪುಸ್ತಕ ತೆರೆದೆ. ಹಸು ಹತ್ತಿತು, ನಾಯಿ ಹತ್ತಿತು.

ರೇಣುಕಾ ಬಾಗಿಲ ಎದುರು ಬಂದು ನಿಂತಳು. "ಮನು, ನಾನು ಡ್ಯೂಟಿಗೆ ಹೋಗ್ತೀನಿ. ಸಂಜಿಗೆ ಬರ್ತೀನಿ" ಎಂದಳು. ಅಷ್ಟು ಹೇಳಿ ಅಲ್ಲೇ ನಿಂತಳು. ಅಳು ಬರುತ್ತದೆ, ಬಂದರೆ ಎತ್ತಿಕೊಳ್ಳಬೇಕು ಎಂದು ಕೈ ಆಗಲೇ ಅರ್ಧ ಮುಂದೆ ಬಂದಿತ್ತು.

ಮಗು ಅಮ್ಮನನ್ನು ತಲೆಯಿಂದ ಕಾಲಿನವರೆಗೆ ನೋಡಿತು.

"ಹತ್ತಂಗಿದ್ರೆ ಹತ್ರಿ" ಎಂದಳು ಮನಸ್ವಿ. "ಇಲ್ದಿದ್ರೆ ಇಳೀರಿ. ಬಾಗ್ಲಾಗೆ ನಿಂತ್ಕಬ್ಯಾಡ್ರಿ, ಟೈಮ್ ಆತು."

ಮುಂದೆ ಬಂದಿದ್ದ ಕೈ ಹಿಂದೆ ಹೋಯಿತು. ರೇಣುಕಾ ಒಂದು ಮೆಟ್ಟಿಲು ಇಳಿದಳು. ಮನಸ್ವಿ ಹೊಸ್ತಿಲಿನಿಂದ ಒಳಗೆ ಹೆಜ್ಜೆಯಿಟ್ಟು, ತನಗಿಂತ ಎರಡು ಪಾಲು ಎತ್ತರದ ಆ ಬಾಗಿಲನ್ನು ಎರಡೂ ಕೈಯಿಂದ ತಳ್ಳಿ ಮುಚ್ಚಿದಳು.

ಕಿಟಕಿಯಿಂದ ನನಗೆ ರೇಣುಕಾ ಕಾಣುತ್ತಿದ್ದಳು. ಮುಚ್ಚಿದ ಬಾಗಿಲ ಕಡೆ ಮುಖ ಮಾಡಿ ನಿಂತಿದ್ದಳು. ಹೋಗಲಾಗುತ್ತಿಲ್ಲ ಎಂದು ನೋಡಿದರೇ ತಿಳಿಯುತ್ತಿತ್ತು. ಅಷ್ಟರಲ್ಲಿ ಮನಸ್ವಿ ಅಂಗೈಯಿಂದ ಬಾಗಿಲನ್ನು ಎರಡು ಸಲ ಜೋರಾಗಿ ಬಡಿದು, "ರೈಟ್" ಎಂದಳು. ಆ ಮಾತು ಹೊರಗೂ ಕೇಳಿತು. ರೇಣುಕಾ ಕೋಟಿನ ತೋಳಿನಿಂದ ಕಣ್ಣೊರೆಸಿಕೊಂಡು ಹಿಂತಿರುಗಿ ನೋಡದೆ ಬಸ್ ಸ್ಟ್ಯಾಂಡಿನ ಕಡೆ ನಡೆದಳು.

ಒಳಗೆ ಮಗು ಅಂಗೈಯನ್ನು ಬಾಗಿಲ ಮೇಲೆಯೇ ಇಟ್ಟುಕೊಂಡು ನಮಗೆ ಬೆನ್ನು ಮಾಡಿ ನಿಂತಿತ್ತು. ಭುಜ ಸಣ್ಣಗೆ ಅಲುಗುತ್ತಿತ್ತು. ಎದ್ದು ಹೋಗಿ ಅಪ್ಪಿಕೊಳ್ಳಲೇ ಎಂದು ಸುಮಂಗಲಳ ಕಡೆ ನೋಡಿದೆ, ಅವಳು ಬೇಡ ಎಂದು ಕಣ್ಣಲ್ಲೇ ಹೇಳಿದಳು.

ಮನಸ್ವಿ ತಿರುಗದೆಯೇ, ಒಡೆದುಹೋಗುತ್ತಿದ್ದ ದನಿಯಲ್ಲಿ ಹೇಳಿದಳು. "ಡ್ರೈವರ್, ಬಿಡ್ರಿ."

ನಾನು ಪುಟ ತಿರುಗಿಸಿದೆ.